ಭಟ್ಟಿಯಲ್ಲಿ ಕಂಡ ದೆವ್ವ ಮತ್ತು ನಮ್ಮ ನೈಟ್ ವಿಷನ್ ಕ್ಯಾಮೆರಾ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಬಹಳ ಜನರ ಮೊಬೈಲಿಗೆ ಒಂದು ರೀಲ್ಸ್ ಬಂದಿತ್ತು. ದಾವಣಗೆರೆಯಲ್ಲಿ ಮುಚ್ಚಿಹೋಗಿರುವ ಒಂದು ಮಂಡಕ್ಕಿ ಭಟ್ಟಿಯ ಒಳಗೆ ರಾತ್ರಿ ತೆಗೆದ ಕಪ್ಪು ಬಿಳುಪು ವಿಡಿಯೊ ಅದು. ಮೊದಲು ಬಿಳಿ ಗುಂಡುಗಳು ಗಾಳಿಯಲ್ಲಿ ತೇಲುತ್ತವೆ. ಆಮೇಲೆ ಮೂಲೆಯಲ್ಲಿ ಎರಡು ಕಣ್ಣು ಹೊಳೆಯುತ್ತವೆ. ಕೊನೆಗೆ ಹಿಂದಿನ ಗೋಡೆ ಒಡೆದಿರುವ ಜಾಗದಲ್ಲಿ ಬಿಳಿ ಬಟ್ಟೆಯ ಒಂದು ಆಕಾರ ನಿಧಾನವಾಗಿ ಹಾದುಹೋಗುತ್ತದೆ. ಅದರ ಮೈಯೊಳಗಿಂದ ಆಚೆಯ ಗೋಡೆ ಕಾಣುತ್ತದೆ. ಮೂಲೆಯಲ್ಲಿ ಸಮಯ ಬರುತ್ತದೆ: ಬೆಳಗಿನ ಜಾವ 3 ಗಂಟೆ 12 ನಿಮಿಷ. ನಿಮ್ಮಲ್ಲಿ ಕೆಲವರು ಅದನ್ನು ನೋಡಿರುತ್ತೀರಿ, ಇನ್ನೊಬ್ಬರಿಗೆ ಕಳಿಸಿಯೂ ಇರುತ್ತೀರಿ.

ಆ ವಿಡಿಯೊ ಮಾಡಿದ ನಾಲ್ವರಲ್ಲಿ ನಾನೂ ಒಬ್ಬ. ಕ್ಯಾಮೆರಾ ತಂದದ್ದೇ ನಾನು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೈಟ್ ವಿಷನ್ ಕ್ಯಾಮೆರಾ ಹಿಡಿದು ದೆವ್ವ ಹುಡುಕಲು ಹೊರಡುವವರು ಮೊದಲು ಆ ಕ್ಯಾಮೆರಾ ಹೇಗೆ ನೋಡುತ್ತದೆ ಎಂಬುದನ್ನು ಕಲಿಯಬೇಕು. ಅದನ್ನು ಕಲಿಯದೆ ವಿಡಿಯೊ ಹಾಕಿದರೆ ಅದು ತನಿಖೆ ಆಗುವುದಿಲ್ಲ, ಯಾರದೋ ಮನೆಯ ಮೇಲೆ ಹೊರಿಸಿದ ಆರೋಪ ಆಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ.

ನನ್ನ ಮಾಮು ಸಿಸಿ ಕ್ಯಾಮೆರಾ ಅಂಗಡಿ ಇಟ್ಟಿದ್ದಾರೆ. ರಜೆಯಲ್ಲಿ ಅವರ ಜೊತೆ ಹೋಗಿ ಏಣಿ ಹಿಡಿಯುವುದು, ವೈರ್ ಎಳೆಯುವುದು ನನ್ನ ಕೆಲಸ. ಗಿರಾಕಿಯೊಬ್ಬರು ವಾಪಸ್ ಕೊಟ್ಟಿದ್ದ ಒಂದು ವೈಫೈ ಕ್ಯಾಮೆರಾ ಅಂಗಡಿಯಲ್ಲಿ ಬಿದ್ದಿತ್ತು. ಮಾಮುಗೆ ಹೇಳದೆ ಅದನ್ನು ತೆಗೆದುಕೊಂಡು ಹೋದೆ. ಮೆಮೊರಿ ಕಾರ್ಡ್ ಹಾಕಿ, ಪವರ್ ಬ್ಯಾಂಕ್‌ಗೆ ಜೋಡಿಸಿ, ಶನಿವಾರ ರಾತ್ರಿ ಭಟ್ಟಿಯೊಳಗೆ ಇಟ್ಟು ಬಂದೆವು. ಭಾನುವಾರ ಬೆಳಗ್ಗೆ ತಂದು ನೋಡಿದಾಗ ನಮಗೇ ಮೈ ಜುಂ ಎಂದಿತು. ಅದರಲ್ಲಿ 40 ಸೆಕೆಂಡು ಕತ್ತರಿಸಿ, ಹೆದರಿಸುವ ಮ್ಯೂಸಿಕ್ ಸೇರಿಸಿ ಹಾಕಿದೆವು. ಒಂದೇ ವಾರದಲ್ಲಿ ಸಾವಿರಾರು ಜನ ನೋಡಿದರು. ಎರಡು ದಿನ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಮೂರನೇ ದಿನ ಆ ರೀಲ್ಸ್ ಮಾಮುವಿನ ಮೊಬೈಲಿಗೂ ಬಂತು. ತಮ್ಮ ಅಂಗಡಿಯ ಕ್ಯಾಮೆರಾದ ಚಿತ್ರವನ್ನು ಅವರು ಗುರುತು ಹಿಡಿದರು. ಬೈಯಲಿಲ್ಲ. ಇಶಾ ನಮಾಜ್ ಆದ ಮೇಲೆ ನನ್ನನ್ನು ಗೋಡೌನ್‌ಗೆ ಕರೆದುಕೊಂಡು ಹೋಗಿ, ಅದೇ ಕ್ಯಾಮೆರಾ ಹಾಕಿ, ದೀಪ ಆರಿಸಿದರು. “ಈಗ ನಿನ್ನ ದೆವ್ವಗಳನ್ನೆಲ್ಲ ಒಂದೊಂದಾಗಿ ಕರೆಸುತ್ತೇನೆ, ನೋಡು” ಎಂದರು.

ಅವರು ತೋರಿಸಿದ್ದನ್ನು ನಿಮಗೂ ಹೇಳುತ್ತೇನೆ. ಇದರಲ್ಲಿ ಸೈನ್ಸ್ ವಿಭಾಗದವರಿಗೆ ಮಾತ್ರ ಅರ್ಥವಾಗುವಂಥದ್ದು ಏನೂ ಇಲ್ಲ.

ನಮ್ಮ ಕಣ್ಣಿಗೆ ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕು ಕಾಣುತ್ತದೆ. ಕೆಂಪಿನ ಆಚೆಗೂ ಬೆಳಕಿದೆ ಎಂದು 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಪಟ್ಟಕ ಮತ್ತು ಥರ್ಮಾಮೀಟರ್ ಇಟ್ಟು ಕಂಡುಹಿಡಿದರು. ಅದೇ ಇನ್‌ಫ್ರಾರೆಡ್. ಕ್ಯಾಮೆರಾದ ಸೆನ್ಸಾರ್‌ಗೆ ಅದರ ಒಂದು ಭಾಗ ಕಾಣುತ್ತದೆ. ಹಗಲಿನಲ್ಲಿ ಬಣ್ಣ ಕೆಡಬಾರದೆಂದು ಸೆನ್ಸಾರ್ ಮುಂದೆ ಒಂದು ಫಿಲ್ಟರ್ ಇರುತ್ತದೆ. ಕತ್ತಲಾದ ಕೂಡಲೇ ಸಿಸಿ ಕ್ಯಾಮೆರಾ ಆ ಫಿಲ್ಟರನ್ನು ಪಕ್ಕಕ್ಕೆ ಸರಿಸುತ್ತದೆ. ಆಗ “ಟಿಕ್” ಎಂಬ ಸಣ್ಣ ಸದ್ದು ಬರುತ್ತದೆ. ನಂತರ ಲೆನ್ಸ್ ಸುತ್ತ ಇರುವ ಎಲ್‌ಇಡಿಗಳು 850 ಅಥವಾ 940 ನ್ಯಾನೊಮೀಟರ್ ಬೆಳಕು ಚೆಲ್ಲುತ್ತವೆ. ಅಂದರೆ ಕ್ಯಾಮೆರಾ ಕತ್ತಲಲ್ಲಿ ನೋಡುತ್ತಿಲ್ಲ. ನಮಗೆ ಕಾಣದ ಟಾರ್ಚ್ ಹಚ್ಚಿಕೊಂಡು ನೋಡುತ್ತಿದೆ. ನಂಬಿಕೆ ಬರದಿದ್ದರೆ ಮನೆಯ ಟಿವಿ ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ. ಹೆಚ್ಚಿನ ಮೊಬೈಲುಗಳಲ್ಲಿ ರಿಮೋಟಿನ ಮೂತಿ ಮಿನುಗುವುದು ಕಾಣುತ್ತದೆ.

ಮೊದಲನೆಯದು, ಬಿಳಿ ಗುಂಡುಗಳು. ಮಾಮು ಒಂದು ಖಾಲಿ ಗೋಣಿಚೀಲ ತಂದು ಒಮ್ಮೆ ಕೊಡವಿದರು. ಪರದೆ ತುಂಬ “ಆತ್ಮಗಳು” ಹಾರಾಡಿದವು! ಲೆನ್ಸ್ ಪಕ್ಕದಲ್ಲೇ ಎಲ್‌ಇಡಿ ಇರುವುದರಿಂದ ಲೆನ್ಸಿಗೆ ಹತ್ತಿರ ಬಂದ ಧೂಳಿನ ಕಣದ ಮೇಲೆ ಬಹಳ ಬೆಳಕು ಬಿದ್ದು ನೇರ ವಾಪಸ್ ಬರುತ್ತದೆ. ಅಷ್ಟು ಹತ್ತಿರದ ಕಣಕ್ಕೆ ಫೋಕಸ್ ಸಿಗುವುದಿಲ್ಲ, ಹಾಗಾಗಿ ಸಾಸಿವೆಗಿಂತ ಸಣ್ಣ ಕಣ ದೊಡ್ಡ ದುಂಡನೆಯ ಬಿಲ್ಲೆಯಾಗಿ ಕಾಣುತ್ತದೆ. ವಿದೇಶದ ದೆವ್ವ ಹುಡುಕುವವರು ಇದನ್ನು “ಆರ್ಬ್” ಎನ್ನುತ್ತಾರೆ. ನಾವು ಕ್ಯಾಮೆರಾ ಇಟ್ಟಿದ್ದ ಜಾಗ ಯಾವುದು? ವರ್ಷಗಟ್ಟಲೆ ಭತ್ತದ ಹೊಟ್ಟು ಸುಟ್ಟ ಭಟ್ಟಿ. ಗಾಳಿ ಬೀಸಿದರೆ ಅಲ್ಲಿ ಬೂದಿ, ಹೊಟ್ಟು, ಧೂಳು ಏಳದೆ ಇನ್ನೇನು ಏಳುತ್ತದೆ?

ಎರಡನೆಯದು, ಹೊಳೆಯುವ ಕಣ್ಣು. ಅದಕ್ಕೆ ಗೋಡೌನಿನ ಬೆಕ್ಕೇ ಸಾಕಾಯಿತು. ಬೆಕ್ಕು, ನಾಯಿ, ದನಗಳ ಕಣ್ಣಿನ ಹಿಂದೆ ಕನ್ನಡಿಯಂತಹ ಒಂದು ಪದರ ಇರುತ್ತದೆ. ಬೆಳಕು ಯಾವುದೇ ಇರಲಿ, ಅದು ವಾಪಸ್ ಹೊಳೆಯುತ್ತದೆ.

ಮೂರನೆಯದು, ಮೈಯೊಳಗಿಂದ ಗೋಡೆ ಕಾಣುವ ಆಕಾರ. ಮಾಮು ನನ್ನನ್ನೇ ಕ್ಯಾಮೆರಾ ಮುಂದೆ ನಡೆಯಲು ಹೇಳಿದರು. ರೆಕಾರ್ಡಿಂಗ್ ನೋಡಿದರೆ ನನ್ನ ಕಾಲಿನ ಮೂಲಕ ಹಿಂದಿನ ರಟ್ಟಿನ ಡಬ್ಬಗಳು ಕಾಣುತ್ತಿದ್ದವು. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ಶಟರ್ ನಿಧಾನ ಮಾಡಿಕೊಳ್ಳುತ್ತದೆ. ಚಿತ್ರದಲ್ಲಿ ಏಳುವ ಚುಕ್ಕೆಗಳನ್ನು ಅಳಿಸಲು ಹಿಂದಿನ ಫ್ರೇಮುಗಳನ್ನು ಮುಂದಿನ ಫ್ರೇಮಿನ ಜೊತೆ ಬೆರೆಸುತ್ತದೆ. ಅಲುಗಾಡದ ಗೋಡೆಗೆ ಇದರಿಂದ ಏನೂ ಆಗುವುದಿಲ್ಲ. ನಡೆಯುವ ಮನುಷ್ಯ ಮಾತ್ರ ಗೋಡೆಯ ಜೊತೆ ಬೆರೆತು, ಹಿಂದೆ ಬಾಲ ಎಳೆದುಕೊಂಡು ಹೋದಂತೆ ಕಾಣುತ್ತಾನೆ. ಕ್ಯಾಮೆರಾ ಕೆಲಸದವರು ಇದಕ್ಕೆ “ಘೋಸ್ಟಿಂಗ್” ಎಂದೇ ಹೆಸರಿಟ್ಟಿದ್ದಾರೆ.

ನಾಲ್ಕನೆಯದು ನನಗೆ ಅತಿ ಆಶ್ಚರ್ಯ ತಂದದ್ದು. ಮಾಮು ಮನೆಯಿಂದ ಮಾಮಿಯ ಕಪ್ಪು ಬುರ್ಖಾ ತರಿಸಿ ಹಗ್ಗದ ಮೇಲೆ ನೇತುಹಾಕಿದರು. ಪರದೆಯಲ್ಲಿ ಅದು ಬಿಳಿಚಿಕೊಂಡು ಕಂಡಿತು. ಕಪ್ಪು ಬಣ್ಣ ಕಣ್ಣಿಗೆ ಕಾಣುವ ಬೆಳಕನ್ನು ಹೀರಿಕೊಳ್ಳುತ್ತದೆ, ಆದರೆ ಎಷ್ಟೋ ಬಟ್ಟೆಗಳಿಗೆ ಹಾಕುವ ಬಣ್ಣ ಇನ್‌ಫ್ರಾರೆಡ್ ಬೆಳಕನ್ನು ಹೀರುವುದಿಲ್ಲ. ಹಾಗಾಗಿ ರಾತ್ರಿ ಕ್ಯಾಮೆರಾದಲ್ಲಿ ಕಪ್ಪು ಬಟ್ಟೆ ಬಿಳಿಯಾಗಿ ಕಾಣಬಹುದು. ನಮ್ಮ ಸಿನಿಮಾದ ಬಿಳಿ ಸೀರೆಯ ದೆವ್ವ ಹುಟ್ಟಲು ಒಂದು ಕಪ್ಪು ಓಢನಿ ಸಾಕು.

ದೀಪ ಹಾಕಿ ಮಾಮು ಒಂದೇ ಮಾತು ಹೇಳಿದರು: “ಕ್ಯಾಮೆರಾ ಝೂಟ್ ನೈ ಬೋಲ್ತಾ, ದೇಖ್ಕೋ ಬೋಲ್ನೇವಾಲಾ ಬೋಲ್ತಾ.” ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ನೋಡಿ ಹೇಳುವವನು ಹೇಳುತ್ತಾನೆ. ಆಮೇಲೆ ಕೇಳಿದರು, “ಆ ಓಢನಿ ಯಾರದ್ದು ಅಂತ ಗೊತ್ತಾ?”

ನನಗೆ ಗೊತ್ತಿರಲಿಲ್ಲ. ಒಡೆದ ಗೋಡೆಯ ಆಚೆ ಒಂದು ಸಣ್ಣ ಶೀಟಿನ ಮನೆ ಇದೆ. ಅಲ್ಲಿ ವಯಸ್ಸಾದ ಒಬ್ಬ ಖಾಲಾ ಮೊಮ್ಮಗಳ ಜೊತೆ ಇದ್ದಾರೆ. ಹಗಲು ಸೀರೆಗೆ ಫಾಲ್ಸ್ ಹಾಕಿ ಕುಚ್ಚು ಕಟ್ಟುತ್ತಾರೆ, ಸಂಜೆ ಓಣಿಯ ಮಕ್ಕಳಿಗೆ ಅರಬಿ ಖಾಯ್ದಾ ಓದಿಸುತ್ತಾರೆ. ಅವರ ಮನೆಯ ನಲ್ಲಿ ಹಿತ್ತಲಲ್ಲಿದೆ. ತಹಜ್ಜುದ್ ನಮಾಜ್‌ಗೆ ವುಜೂ ಮಾಡಲು ಅವರು ದಿನಾ ಆ ಹೊತ್ತಿಗೆ ಏಳುತ್ತಾರೆ. ರಾತ್ರಿ 3 ಗಂಟೆಗೆ ಎದ್ದು ಅಲ್ಲಾಹನ ಮುಂದೆ ನಿಲ್ಲಲು ಹೊರಟ ಒಬ್ಬ ಮುದುಕಿಯನ್ನು ನಾವು ದೆವ್ವ ಮಾಡಿ ಊರಿಗೆಲ್ಲ ತೋರಿಸಿದ್ದೆವು.

ಆ ವಾರ ಏನೇನಾಗಿತ್ತು ಎಂಬುದು ಮಾಮು ಜೊತೆ ಅಲ್ಲಿಗೆ ಹೋದಾಗ ತಿಳಿಯಿತು. ರಾತ್ರಿ ಹುಡುಗರ ಗುಂಪು ಬೈಕಿನಲ್ಲಿ ಬಂದು ಟಾರ್ಚ್ ಬಿಟ್ಟು ಕೂಗುತ್ತಿತ್ತು. ಒಂದು ಕಲ್ಲು ಶೀಟಿನ ಮೇಲೆ ಬಿದ್ದಿತ್ತು. ಖಾಯ್ದಾಕ್ಕೆ ಬರುತ್ತಿದ್ದ 22 ಮಕ್ಕಳಲ್ಲಿ 5 ಮಕ್ಕಳು ಮಾತ್ರ ಉಳಿದಿದ್ದರು. “ಆ ಮನೆಯಲ್ಲಿ ಅಸರ್ ಇದೆಯಂತೆ” ಎಂದು ಹೇಳಿ ಕೆಲವರು ಸೀರೆ ಕೊಡುವುದನ್ನೂ ನಿಲ್ಲಿಸಿದ್ದರು. ನಾನು ತಲೆ ತಗ್ಗಿಸಿ ಮಾಫಿ ಕೇಳಿದೆ. ಖಾಲಾ ನನ್ನನ್ನು ಕೂರಿಸಿ ಚಹಾ ಕೊಟ್ಟು ಹೇಳಿದರು: “ಚಾಲೀಸ್ ಸಾಲ್ ಸೇ ಯಹಾಂ ಹೂಂ. ಜಿನ್ನಾಂ ಕಬೀ ನೈ ಸತಾಯೆ ಬೇಟಾ, ತುಮೀಚ್ ಸತಾಯೆ.” ನಲವತ್ತು ವರ್ಷದಿಂದ ಇಲ್ಲಿದ್ದೇನೆ, ಜಿನ್‌ಗಳು ಎಂದೂ ಕಾಡಲಿಲ್ಲ ಮಗನೇ, ನೀವೇ ಕಾಡಿದಿರಿ. ಅವರು ನಗುತ್ತಲೇ ಹೇಳಿದರು. ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಈ ಲೇಖನವನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಈಗ ನನ್ನ ಗೆಳೆಯರು ಕೇಳುವ ಪ್ರಶ್ನೆಗಳಿಗೆ ಬರುತ್ತೇನೆ. ಮೊದಲನೆಯದು: “ಹಾಗಾದರೆ ತನಿಖೆಯನ್ನೇ ಮಾಡಬಾರದಾ?” ಖಂಡಿತ ಮಾಡಬಹುದು. ಆದರೆ ಹೇಗೆ ಮಾಡಬೇಕು ಎಂಬುದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಕ್ಯಾಂಪ್ ಚೆಸ್ಟರ್‌ಫೀಲ್ಡ್ ಎಂಬ ಜಾಗವಿದೆ. ಸತ್ತವರ ಆತ್ಮಗಳನ್ನು ಕರೆಸುತ್ತೇವೆ ಎನ್ನುವವರ ದೊಡ್ಡ ಕೇಂದ್ರ ಅದು. ಕತ್ತಲೆ ಕೋಣೆಯಲ್ಲಿ ಜನರನ್ನು ಕೂರಿಸಿ ಬಿಳಿ ಬಟ್ಟೆಯ ಆತ್ಮಗಳನ್ನು ಪ್ರತ್ಯಕ್ಷ ಮಾಡಿಸುತ್ತಿದ್ದರು. 1960ರಲ್ಲಿ ಆಂಡ್ರಿಯಾ ಪುಹಾರಿಚ್ ಎಂಬ ವೈದ್ಯರು ಮತ್ತು ಸೈಕಿಕ್ ಅಬ್ಸರ್ವರ್ ಪತ್ರಿಕೆಯ ಟಾಮ್ ಓನೀಲ್ ಅಲ್ಲಿಗೆ ಇನ್‌ಫ್ರಾರೆಡ್‌ನಲ್ಲಿ ಚಿತ್ರೀಕರಣ ಮಾಡಲು ಹೋದರು. ಇವರು ಅದನ್ನು ಸುಳ್ಳು ಎಂದು ತೋರಿಸಲು ಹೋದವರಲ್ಲ. ಆತ್ಮಗಳ ಬಗ್ಗೆ ಒಲವಿದ್ದವರು, ಜಗತ್ತಿಗೆ ಸಾಕ್ಷಿ ಕೊಡಬೇಕೆಂದು ಹೋದವರು. ಕ್ಯಾಮೆರಾ ಇಡಲು ಆ ಕೇಂದ್ರದವರ ಒಪ್ಪಿಗೆಯೂ ಇತ್ತು. ಫಿಲಂ ತೊಳೆದು ನೋಡಿದರೆ ಬಿಳಿ ಬಟ್ಟೆ ಸುತ್ತಿಕೊಂಡ ಮನುಷ್ಯರು ಬಾಗಿಲಿನಿಂದ ಒಳಗೆ ಬರುತ್ತಿದ್ದರು.

ಓನೀಲ್ ಆ ಫಿಲಂ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ತಾನು ನಂಬಿದ್ದಕ್ಕೆ ವಿರುದ್ಧವಾಗಿದ್ದರೂ ಅದೇ ವರ್ಷ ಜುಲೈನಲ್ಲಿ ತನ್ನ ಪತ್ರಿಕೆಯಲ್ಲೇ ಪ್ರಕಟಿಸಿದರು. ಅವರದ್ದೂ ಇನ್‌ಫ್ರಾರೆಡ್, ನಮ್ಮದೂ ಇನ್‌ಫ್ರಾರೆಡ್. ಅವರು ಆತ್ಮ ಹುಡುಕಲು ಹೋಗಿ ಮನುಷ್ಯರನ್ನು ಕಂಡು, ಮನುಷ್ಯರು ಎಂದೇ ಹೇಳಿದರು. ನಾವು ಮನುಷ್ಯರನ್ನು ಕಂಡು ಆತ್ಮ ಎಂದೆವು.

ಎರಡನೆಯದು: “ಟಿವಿಯಲ್ಲಿ ದೊಡ್ಡ ದೊಡ್ಡವರೇ ಮಾಡುತ್ತಾರಲ್ಲ?” ಹೌದು. 1998ರಲ್ಲಿ ಸೋನಿ ಕಂಪನಿ ನೈಟ್‌ಶಾಟ್ ಇರುವ ಹ್ಯಾಂಡಿಕ್ಯಾಮ್ ತಂದಿತು. 2002ರಲ್ಲಿ ಬ್ರಿಟನ್ನಿನಲ್ಲಿ ಮೋಸ್ಟ್ ಹಾಂಟೆಡ್, 2004ರಲ್ಲಿ ಅಮೆರಿಕದಲ್ಲಿ ಘೋಸ್ಟ್ ಹಂಟರ್ಸ್ ಎಂಬ ಕಾರ್ಯಕ್ರಮ ಶುರುವಾದವು. ದೀಪ ಆರಿಸಿ, ಕಣ್ಣು ಹೊಳೆಯುವ ಹಾಗೆ ಮುಖ ತೋರಿಸುವುದೇ ಒಂದು ಶೈಲಿಯಾಯಿತು. ನಮ್ಮ ಅಂಗಡಿಯಲ್ಲಿ ಗಿರಾಕಿ ಸಾಕ್ಷಿ ಬೇಕು ಎಂದರೆ ಮಾಮು ಮೊದಲು ಹೇಳುವುದು “ಅಲ್ಲೊಂದು ಲೈಟ್ ಹಾಕಿಸಿ” ಎಂದು. ಬೆಳಕು ಹೆಚ್ಚಿದ್ದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆ. ನಿಜ ಬೇಕಾದವರು ಲೈಟ್ ಹಾಕಿಸುತ್ತಾರೆ. ಹೆದರಿಕೆ ಬೇಕಾದವರು ಲೈಟ್ ಆರಿಸುತ್ತಾರೆ.

ಈಗ ಕೆಲವರು ಕೈನೆಕ್ಟ್ ಎಂಬ ಉಪಕರಣವನ್ನೂ ತರುತ್ತಾರೆ. 2010ರಲ್ಲಿ ಮೈಕ್ರೋಸಾಫ್ಟ್ ವಿಡಿಯೊ ಗೇಮಿಗಾಗಿ ಮಾಡಿದ್ದು ಅದು. ಇನ್‌ಫ್ರಾರೆಡ್ ಚುಕ್ಕೆಗಳನ್ನು ಚೆಲ್ಲಿ, ಎದುರಿಗೆ ಮನುಷ್ಯನ ಆಕಾರ ಎಲ್ಲಿದೆ ಎಂದು ಹುಡುಕಿ ಕಡ್ಡಿ ಗೊಂಬೆ ಬರೆಯುತ್ತದೆ. ಮನುಷ್ಯನನ್ನೇ ಹುಡುಕು ಎಂದು ಕಲಿಸಿದ ಯಂತ್ರ ಕುರ್ಚಿಯಲ್ಲೂ, ಪರದೆಯಲ್ಲೂ ಕೈಕಾಲು ಹುಡುಕುತ್ತದೆ. ಥರ್ಮಲ್ ಕ್ಯಾಮೆರಾ ಬೇರೆಯೇ ರೀತಿಯದು. ಅದು ವಸ್ತುಗಳಿಂದ ಹೊರಬರುವ ಶಾಖವನ್ನು ನೋಡುತ್ತದೆ. ಗೋಡೆಗೆ ಕೈ ಒತ್ತಿ ತೆಗೆದರೆ ಸ್ವಲ್ಪ ಹೊತ್ತು ಅಂಗೈ ಗುರುತು ಅದರಲ್ಲಿ ಕಾಣುತ್ತದೆ. ಕಿಟಕಿಯ ಗಾಜು ಅದಕ್ಕೆ ಕನ್ನಡಿಯಂತೆ, ಹಾಗಾಗಿ ಕ್ಯಾಮೆರಾ ಹಿಡಿದವನ ಆಕಾರವೇ ಗಾಜಿನಲ್ಲಿ ಮೂಡಬಹುದು. ದುಡ್ಡು ಹೆಚ್ಚು ಕೊಟ್ಟ ಮಾತ್ರಕ್ಕೆ ತಪ್ಪು ತಪ್ಪುವುದಿಲ್ಲ.

ಮೂರನೆಯ ಪ್ರಶ್ನೆ ನಮ್ಮ ಮನೆಗಳಲ್ಲಿ ಬರುವಂಥದ್ದು: “ಜಿನ್ ಇರುವುದು ನಮ್ಮ ನಂಬಿಕೆ. ಅದನ್ನು ಗೇಲಿ ಮಾಡುತ್ತೀಯಾ?” ಇಲ್ಲ, ನಾನೂ ನಂಬುತ್ತೇನೆ. ಆದರೆ ಗೈಬ್ ಎಂದರೆ ಕಣ್ಣಿಗೆ ಮರೆಯಾಗಿರುವುದು. ಅದು ಪವರ್ ಬ್ಯಾಂಕಿಗೆ ಜೋಡಿಸಿದ ವಾಪಸ್ ಬಂದ ಕ್ಯಾಮೆರಾದಲ್ಲಿ ಸಿಕ್ಕಿಬಿಡುತ್ತದೆ ಎಂದರೆ ನಂಬಿಕೆಗೆ ನಾವೇ ಬೆಲೆ ಕಡಿಮೆ ಮಾಡಿದ ಹಾಗೆ. ನನ್ನ ಈಮಾನ್‌ಗೆ ಭಟ್ಟಿಯ ಧೂಳು ಸಾಕ್ಷಿ ಹೇಳಬೇಕಾಗಿಲ್ಲ. ಸುದ್ದಿ ಬಂದರೆ ಮೊದಲು ವಿಚಾರಿಸಬೇಕು, ತಿಳಿಯದೆ ಯಾರಿಗೂ ಹಾನಿ ಮಾಡಬಾರದು ಎಂಬುದನ್ನೂ ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಕಲಿತದ್ದನ್ನು ಆ ಭಾನುವಾರ ನಾನು ಮರೆತೆ.

ನಾನು ಕಾಮರ್ಸ್ ಹುಡುಗ, ನನ್ನ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ವೋಚರ್ ಇಲ್ಲದೆ ಪುಸ್ತಕದಲ್ಲಿ ಎಂಟ್ರಿ ಹಾಕಬಾರದು ಎಂದು ಸರ್ ಮೊದಲ ದಿನವೇ ಹೇಳಿಕೊಟ್ಟರು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ, ತಪ್ಪು ಸಿಗುವವರೆಗೆ ಹುಡುಕುತ್ತೇವೆ. “ದೆವ್ವ ತೆಗೆದುಕೊಂಡು ಹೋಯಿತು” ಎಂದು ಬರೆದು ಪುಸ್ತಕ ಮುಚ್ಚುವುದಿಲ್ಲ. ವಿಡಿಯೊದಲ್ಲಿ ಅರ್ಥವಾಗದ ಏನೋ ಕಂಡರೂ ಹಾಗೆಯೇ. ಅರ್ಥವಾಗಲಿಲ್ಲ ಎಂದು ಬರೆದಿಡಿ, ಹುಡುಕುತ್ತಾ ಇರಿ. ಅದರಲ್ಲಿ ಅವಮಾನ ಏನೂ ಇಲ್ಲ.

1990ರ ದಶಕದಲ್ಲಿ ಬೆಂಗಳೂರಿನ ಕಡೆ ಜನ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆದುಕೊಳ್ಳುತ್ತಿದ್ದರು ಎಂದು ಅಮ್ಮಿ ಹೇಳುತ್ತಾರೆ. ಆಗ ವದಂತಿಗೆ ಒಂದು ಸೀಮೆಸುಣ್ಣ ಸಾಕಿತ್ತು, ಅದೂ ಬರೆದುಕೊಂಡವರ ಸ್ವಂತ ಬಾಗಿಲ ಮೇಲೆ. ಈಗ ನಾವು ಬೇರೆಯವರ ಬಾಗಿಲ ಮೇಲೆ ಬರೆಯುತ್ತಿದ್ದೇವೆ, ಅದನ್ನು ಒರೆಸಲೂ ಆಗುವುದಿಲ್ಲ. ನಾವು ರೀಲ್ಸ್ ಅಳಿಸಿದೆವು. ಅಷ್ಟರಲ್ಲಿ ಬೇರೆಯವರು ಅದನ್ನು ಇಳಿಸಿಕೊಂಡು ತಮ್ಮ ಹೆಸರಿನಲ್ಲಿ ಹಾಕಿದ್ದರು. ಗೋಣಿಚೀಲ ಕೊಡವಿ ನಿಜ ತೋರಿಸುವ ಇನ್ನೊಂದು ವಿಡಿಯೊ ಮಾಡಿ ಹಾಕಿದೆವು. ಅದನ್ನು ನೋಡಿದವರು 140 ಜನ.

ಕಾಲೇಜಿನ ಗುರುಗಳಲ್ಲಿ ನನ್ನದೊಂದು ವಿನಂತಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದ್ದರು. ನಮಗೆ ಅಷ್ಟು ದೊಡ್ಡದು ಬೇಡ. ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ, ಎಲ್ಲ ವಿಭಾಗದ ವಿದ್ಯಾರ್ಥಿಗಳಿಗೂ, ಒಂದು ಕ್ಯಾಮೆರಾ, ಒಂದು ಗೋಣಿಚೀಲ, ಒಂದು ಕಪ್ಪು ಬುರ್ಖಾ ಇಟ್ಟು ತೋರಿಸಿದರೆ ಸಾಕು. ಕ್ಯಾಮೆರಾ ಕೊಡಲು ಮಾಮು ಒಪ್ಪಿದ್ದಾರೆ, ಈ ಸಲ ಕೇಳಿಯೇ ತರುತ್ತೇನೆ.

ಗೆಳೆಯರಲ್ಲಿ ಕೇಳಿಕೊಳ್ಳುವುದು ಮೂರು ಮಾತು. ಯಾವುದಾದರೂ ಹಾಳು ಮನೆಗೆ ಕ್ಯಾಮೆರಾ ಒಯ್ಯುವ ಮೊದಲು ಹಗಲಿನಲ್ಲಿ ಹೋಗಿ, ಅಕ್ಕಪಕ್ಕ ಯಾರಿದ್ದಾರೆ ನೋಡಿ, ಅವರನ್ನು ಕೇಳಿ. ಏನಾದರೂ ಕಂಡರೆ 40 ಸೆಕೆಂಡು ಕತ್ತರಿಸಬೇಡಿ, ಪೂರ್ತಿ ರೆಕಾರ್ಡಿಂಗ್ ನೋಡಿ. ನಮ್ಮ ರೆಕಾರ್ಡಿಂಗಿನಲ್ಲಿ ಆ ಆಕಾರ ಐದು ನಿಮಿಷದ ನಂತರ ಬಿಂದಿಗೆ ಹಿಡಿದು ವಾಪಸ್ ಬರುವುದೂ ಇತ್ತು. ನಾವು ಅಲ್ಲಿಯವರೆಗೆ ನೋಡಲೇ ಇಲ್ಲ. ಮೂರನೆಯದಾಗಿ, ಜನ ವಾಸವಿರುವ ಜಾಗದ ಹೆಸರು, ಗುರುತು ಯಾವ ಕಾರಣಕ್ಕೂ ಹಾಕಬೇಡಿ.

ಖಾಲಾ ಮನೆಯ ಹಿತ್ತಲಿಗೆ ಮಾಮು 9 ವ್ಯಾಟಿನ ಒಂದು ಬಲ್ಬ್ ಹಾಕಿಕೊಟ್ಟಿದ್ದಾರೆ. ವೈರ್ ಎಳೆದದ್ದು ನಾನು. ಅಲ್ಲಿಂದೀಚೆಗೆ ಆ ಗೋಡೆಯ ಸಂದಿಯಲ್ಲಿ ಯಾರಿಗೂ ಏನೂ ಕಂಡಿಲ್ಲ. ಖಾಯ್ದಾ ಓದಲು ಈಗ 14 ಮಕ್ಕಳು ಬರುತ್ತಾರೆ. ಇನ್ನೂ 8 ಮಕ್ಕಳು ವಾಪಸ್ ಬರಬೇಕು. ನಿಮ್ಮ ಮೊಬೈಲಿನಲ್ಲಿ ಆ ರೀಲ್ಸ್ ಈಗಲೂ ಇದ್ದರೆ ದಯವಿಟ್ಟು ಅಳಿಸಿಬಿಡಿ. ಕಳಿಸಿದವರಿಗೂ ಅದು ಯಾರು ಎಂದು ಹೇಳಿ.

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)